ಬೆರಳು ಬರೆದ ಪ್ರೇಮ

ಕಡೂರು ಸೀಮೆಯ ದೇವನೂರಿನಲ್ಲಿ ಲಕ್ಷ್ಮೀರಮಣಸ್ವಾಮಿಯ ಸನ್ನಿಧಿಗೆ ಹೋದಾಗಲೆಲ್ಲ ಆ ಊರಿನ ಕವಿ ಲಕ್ಷ್ಮೀಶನ ‘ಜೈಮಿನಿ ಭಾರತ’ದ ಒಂದು ಪ್ರಸಂಗವು ನಮ್ಮ ಸ್ಮರಣೆಗೆ ಬರುವುದು. ಚಂದ್ರಹಾಸನು ಉಪವನದಲ್ಲಿ ಮಲಗಿದ್ದಾನೆ. ಅವನಿಗೆ ವಿಷವನ್ನು ಕೊಡಬೇಕೆಂದು ಮಂತ್ರಿ ದುಷ್ಟಬುದ್ಧಿಯು ತನ್ನ ಮಗನಿಗೆ ಬರೆದ ಓಲೆಯು ಅವನ ಬಳಿಯಲ್ಲಿಯೇ ಇದೆ. ಮಂತ್ರಿಯ ಮಗಳು ವಿಷಯೆಯು ಅವನಿಗೆ ಮನಸೋತು, ಓಲೆಯನ್ನೋದಿ, ಉಗುರ ತುದಿಯ ಕಾಡಿಗೆಯಿಂದ ‘ವಿಷವ’ ಎಂಬುದನ್ನು ‘ವಿಷಯೆ’ ಎಂದು ತಿದ್ದುತ್ತಾಳೆ. ತಿದ್ದಿದ್ದು ಒಂದೇ ಅಕ್ಷರ, ಮರಣಶಾಸನವು ಲಗ್ನಪತ್ರಿಕೆಯಾಯಿತು.

ಇದು ಕಾವ್ಯದ ಮಾತು, ಲೋಕದಲ್ಲಿ ಇಂಥದುಂಟೆ ಎಂದು ಶ್ರೋತೃಗಳು ಕೇಳಬಹುದು. ಪಂಜಾಬಿ ಕವಯಿತ್ರಿ ಅಮೃತಾ ಪ್ರೀತಮರು (1919–2005) ವಿವಾಹಬಂಧನದಿಂದ ಹೊರಬಂದು, ಚಿತ್ರಕಾರ ಇಮ್ರೋಜರೊಡನೆ (1926–2023) ದೆಹಲಿಯಲ್ಲಿ ಮದುವೆಯಿಲ್ಲದೆಯೇ ಸುಮಾರು ನಾಲ್ವತ್ತು ವರ್ಷ ಬಾಳಿದರು. ಸಮಾಜವು ಒಪ್ಪದ ಬಾಳು ಅದು. ಅದಕ್ಕೆ ಮುನ್ನ ಆಕೆಯ ಮನಸ್ಸು ಕವಿ ಸಾಹಿರ್ ಲುಧಿಯಾನ್ವಿಯವರಲ್ಲಿ ನೆಟ್ಟಿತ್ತು. ಸ್ಕೂಟರಿನಲ್ಲಿ ಹಿಂದೆ ಕುಳಿತು ಹೋಗುವಾಗ ಆಕೆಯ ಬೆರಳು ಇಮ್ರೋಜರ ಬೆನ್ನಿನ ಮೇಲೆ ಸಾಹಿರರ ಹೆಸರನ್ನೇ ಬರೆಯುತ್ತಿದ್ದಿತಂತೆ. ಇಮ್ರೋಜರು ಅದನ್ನರಿತೂ ಮುನಿಯಲಿಲ್ಲ.

ವಿಷಯೆಯ ಪ್ರೇಮವು ತಂದೆಯ ಆಜ್ಞೆಯನ್ನು ತಿದ್ದಿತು. ಇಮ್ರೋಜರ ಪ್ರೇಮವು ಏನನ್ನೂ ತಿದ್ದಲಿಲ್ಲ, ಅಳಿಸಲೂ ಇಲ್ಲ. ಪ್ರಾಣವನ್ನುಳಿಸಲು ತಿದ್ದುವುದಕ್ಕೆ ಧೈರ್ಯ ಬೇಕು. ಮತ್ತೊಬ್ಬರ ಹೆಸರನ್ನು ಬೆನ್ನ ಮೇಲೆ ಹೊರುವುದಕ್ಕೆ ಅದಕ್ಕಿಂತ ಹಿರಿದಾದ ಧೈರ್ಯ ಬೇಕೆಂದು ನಮಗೆ ತೋರುತ್ತದೆ. ಪ್ರೇಮವನ್ನು ನಿಷಿದ್ಧವೆಂದು ತೂಗಿ ನೋಡುವ ಮುನ್ನ, ಅದು ಯಾರನ್ನು ಉಳಿಸಿತು, ಯಾರಿಗೆ ಎಡೆಗೊಟ್ಟಿತು ಎಂದು ಕೇಳಿಕೊಳ್ಳುವುದು ಲೇಸು.