ಮನೆಯ ಗಣಕಯಂತ್ರ ಮೌನ ತಾಳಿದಾಗ

ನಾಲ್ಕಾರು ವರ್ಷ ದುಡಿದ ಗಣಕಯಂತ್ರ ಒಂದು ದಿನ ಮುಪ್ಪಿನ ನಡಿಗೆ ಹಿಡಿಯುತ್ತದೆ. ಹೊಸದನ್ನು ಕೊಳ್ಳುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಆದುದರಿಂದ ಇದ್ದುದಕ್ಕೇ ಕಸುವು ತುಂಬೋಣವೆಂದು ಕೆಲವರು ರ‍್ಯಾಮನ್ನು ಹೆಚ್ಚಿಸುತ್ತಾರೆ. ಕೆಲವರು ಹಳೆಯ ಹಾರ್ಡ್ ಡಿಸ್ಕನ್ನು ತೆಗೆದು ಎಸ್.ಎಸ್.ಡಿ. ಕೂರಿಸುತ್ತಾರೆ. ವಿಂಡೋಸ್ 10ಕ್ಕೆ ಇದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲಂತೂ ಈ ಯೋಚನೆ ಅನೇಕ ಮನೆಗಳಲ್ಲಿ ತಲೆಯೆತ್ತಿದೆ. ಇದು ಮೆಚ್ಚತಕ್ಕ ಮಿತವ್ಯಯವೇ ಸರಿ. ಆದರೆ ಹೊಸ ಭಾಗವನ್ನು ಕೂರಿಸಿ ಗುಂಡಿಯೊತ್ತಿದಾಗ ಪರದೆ ಕಪ್ಪಾಗಿಯೇ ಉಳಿದರೆ ಮಾಡುವುದೇನು?

ಇಂಥ ಹೊತ್ತಿನಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಭಾಗವೇ ಕೆಟ್ಟಿತೆಂದು ತೀರ್ಮಾನಿಸುವುದು ಮನುಷ್ಯಸ್ವಭಾವ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆ ಹುಟ್ಟಿದ್ದು ಗಣಕಯಂತ್ರ ಹುಟ್ಟುವುದಕ್ಕೆ ಎಷ್ಟೋ ಮೊದಲು. ಆದರೂ ಅದು ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ.

ನಮ್ಮ ತರ್ಕಶಾಸ್ತ್ರದಲ್ಲಿ ಅನ್ವಯ, ವ್ಯತಿರೇಕ ಎಂಬ ಎರಡು ಮಾತುಗಳುಂಟು. ಹೊಗೆಯಿರುವ ಅಡುಗೆಮನೆಯಲ್ಲಿ ಬೆಂಕಿಯುಂಟು, ಇದು ಅನ್ವಯ. ಬೆಂಕಿಯಿಲ್ಲದ ಕೊಳದಲ್ಲಿ ಹೊಗೆಯೂ ಇಲ್ಲ, ಇದು ವ್ಯತಿರೇಕ. ಯಾವುದಿದ್ದರೆ ದೋಷ ಕಾಣುತ್ತದೆ, ಯಾವುದನ್ನು ತೆಗೆದರೆ ದೋಷ ಹೋಗುತ್ತದೆ ಎಂದು ಒಂದೊಂದಾಗಿ ಪರೀಕ್ಷಿಸುವುದೇ ಯಂತ್ರದ ಚಿಕಿತ್ಸೆಗೂ ಮೂಲಸೂತ್ರ.

ನಮ್ಮ ಬೀದಿಯಲ್ಲಿ ಒಬ್ಬ ತಾಯಿ ಮನೆಯಲ್ಲೇ ಡಿ.ಟಿ.ಪಿ. ಕೆಲಸ ಮಾಡಿ ಸಂಸಾರ ತೂಗಿಸುತ್ತಾರೆ. ಮದುವೆಯ ಕಾಲ, ಲಗ್ನಪತ್ರಿಕೆಗಳು ಆ ವಾರವೇ ಅಚ್ಚಿಗೆ ಹೋಗಬೇಕು. ನೆಂಟರೊಬ್ಬರು ಹಳೆಯ ರ‍್ಯಾಮಿನ ಪಕ್ಕಕ್ಕೆ ಹೊಸದೊಂದನ್ನು ಕೂರಿಸಿದರು. ಯಂತ್ರ ಮೌನ ತಾಳಿತು. ರಿಪೇರಿಯವರು ಬಂದು, "ಮದರ್‌ಬೋರ್ಡೇ ಹೋಗಿದೆ, ಬದಲಾಯಿಸಬೇಕು" ಎಂದರು. ಅದು ಆಕೆಯ ಒಂದು ತಿಂಗಳ ಸಂಪಾದನೆಯ ಮಾತು. ಹತ್ತನೆಯ ತರಗತಿಯಲ್ಲಿ ಓದುವ ಮಗಳು ಸುಮ್ಮನೆ ಕೂರಲಿಲ್ಲ. ಪ್ರತಿಸಲವೂ ವಿದ್ಯುತ್ತಿನ ತಂತಿ ಕಿತ್ತು, ಮೊದಲು ಹಳೆಯ ರ‍್ಯಾಮನ್ನು ಮಾತ್ರ ಅದರ ಸ್ಥಾನದಲ್ಲಿಟ್ಟಳು, ಪರದೆ ಬೆಳಗಿತು. ಅಂದಮೇಲೆ ಮದರ್‌ಬೋರ್ಡು ಸತ್ತಿಲ್ಲ. ಅದೇ ಸ್ಥಾನದಲ್ಲಿ ಹೊಸದನ್ನು ಮಾತ್ರ ಇಟ್ಟಳು, ಆಗಲೂ ಬೆಳಗಿತು. ಅಂದಮೇಲೆ ಹೊಸದೂ ನಿರ್ದೋಷಿ. ಹಳೆಯದನ್ನು ಎರಡನೆಯ ಸ್ಥಾನಕ್ಕೆ ಹಾಕಿದಾಗ ಮಾತ್ರ ಕತ್ತಲು. ದೋಷವಿದ್ದುದು ಆ ಸಂದಿಯಲ್ಲಿ. ಅಲ್ಲಿ ವರ್ಷಗಳ ಧೂಳು ಕೂತಿತ್ತು. ಒಣಗಿದ ಮೆತ್ತನೆಯ ಕುಂಚದಿಂದ ಅದನ್ನು ತೆಗೆದು, ಕೊಂಡಿಗಳು ಟಕ್ಕೆನ್ನುವವರೆಗೆ ಒತ್ತಿ ಕೂರಿಸಿದಾಗ ಎರಡೂ ಕೂಡಿ ನಡೆದವು. ಖರ್ಚಾದುದು ಒಂದು ಗಂಟೆ.

ನೀವೂ ಹೀಗೆ ಮಾಡಬಹುದು. ಆದರೆ ಕೆಲವು ನಿಯಮಗಳನ್ನು ಪಾಲಿಸತಕ್ಕದ್ದು. ಕೈಹಾಕುವ ಮೊದಲೇ ಪತ್ರ, ಫೋಟೋ, ಲೆಕ್ಕಗಳ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ಇಟ್ಟುಕೊಳ್ಳಿ. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ ಅದರ ರಿಕವರಿ ಕೀ ಸಂಖ್ಯೆಯನ್ನು ಬರೆದಿಡಿ. ಭಾಗ ಬದಲಾದಾಗ ಯಂತ್ರ ಅದನ್ನು ಕೇಳುವುದುಂಟು. ತಂತಿ ಕಿತ್ತ ಮೇಲೆ ಗುಂಡಿಯನ್ನು ಕೆಲವು ಕ್ಷಣ ಒತ್ತಿಹಿಡಿದು ಉಳಿದ ವಿದ್ಯುತ್ತನ್ನು ಹೊರಗೆಡಹಿ. ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ ಮುಂದುವರಿಯಿರಿ. ಏಕೆಂದರೆ ಮೈಮೇಲಿನ ಸ್ಥಾಯೀ ವಿದ್ಯುತ್ತು ಸುಮಾರು 3000 ವೋಲ್ಟ್ ಆಗುವವರೆಗೆ ನಮಗೆ ತಿಳಿಯದು, ಚಿಪ್ಪುಗಳಿಗೋ ಅದಕ್ಕಿಂತ ಬಹಳ ಕಡಮೆಯೇ ಸಾಕು. ಪವರ್ ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ತಂತಿ ಕಿತ್ತ ಮೇಲೂ ಅದರೊಳಗೆ ಅಪಾಯಕರ ವಿದ್ಯುತ್ತು ಉಳಿದಿರುತ್ತದೆ.

ಇನ್ನು ಲಕ್ಷಣಗಳು. ಫ್ಯಾನು ತಿರುಗದೆ ದೀಪವೂ ಹೊತ್ತದಿದ್ದರೆ ಗೋಡೆಯ ಸಾಕೆಟ್ಟು, ಹಿಂಬದಿಯ ಸ್ವಿಚ್ಚು, ಮದರ್‌ಬೋರ್ಡಿಗೆ ಬರುವ 24 ಪಿನ್ನಿನ ತಂತಿ, ಇವನ್ನು ನೋಡಿ. ಫ್ಯಾನು ತಿರುಗಿಯೂ ಪರದೆ ಕಪ್ಪಾಗಿದ್ದರೆ ರ‍್ಯಾಮನ್ನೂ, ಪ್ರೊಸೆಸರಿನ ಬಳಿ ಬರುವ 4 ಅಥವಾ 8 ಪಿನ್ನಿನ ತಂತಿಯನ್ನೂ ಪರೀಕ್ಷಿಸಿ. ಹೊಸ ಗ್ರಾಫಿಕ್ಸ್ ಕಾರ್ಡು ಹಾಕಿದ್ದರೆ ಪರದೆಯ ತಂತಿ ಆ ಕಾರ್ಡಿಗೇ ಸೇರಿದೆಯೇ ನೋಡಿ. ಬೀಪ್ ಸದ್ದಿನ ಅರ್ಥ ತಯಾರಕರಿಂದ ತಯಾರಕರಿಗೆ ಬೇರೆ. ಕೈಪಿಡಿಯೇ ಅದರ ನಿಘಂಟು. ಸ್ವಲ್ಪ ಹೊತ್ತು ನಡೆದು ತಾನಾಗಿ ಆರಿದರೆ ಶಾಖವನ್ನೋ, ಪವರ್ ಸಪ್ಲೈ ಸಾಲದಿರುವುದನ್ನೋ ಶಂಕಿಸಬೇಕು.

ಪ್ರಕೃತಿಗೆ ತಕ್ಕ ಪ್ರತ್ಯಯ ಸೇರಿದರೇ ಪದ ಸಾಧುವಾಗುತ್ತದೆ. ಇಲ್ಲಿಯೂ ಹಾಗೆಯೇ. ಮೇಜಿನ ಮೇಲಿಡುವ ಗಣಕಗಳ ಡಿ.ಡಿ.ಆರ್.3 ರ‍್ಯಾಮಿಗೆ 240 ಪಿನ್ನು, ಡಿ.ಡಿ.ಆರ್.4, ಡಿ.ಡಿ.ಆರ್.5 ಎರಡಕ್ಕೂ 288. ಆದರೆ ಅವುಗಳ ಕಚ್ಚಿನ ಸ್ಥಾನ ಬೇರೆ, ಬೇಡುವ ವಿದ್ಯುತ್ತೂ ಬೇರೆ. ಕಚ್ಚು ಹೊಂದದಿದ್ದರೆ ಬಲಪ್ರಯೋಗ ಸಲ್ಲದು. ಪ್ರೊಸೆಸರನ್ನು ಬದಲಾಯಿಸುವುದಾದರೆ ಮದರ್‌ಬೋರ್ಡಿನ ಬಯಾಸ್‌ಗೆ ಅದರ ಪರಿಚಯವಿರಬೇಕು. ಹಳೆಯದು ಇರುವಾಗಲೇ ಬಯಾಸನ್ನು ನವೀಕರಿಸಿಕೊಳ್ಳುವುದು ಕ್ಷೇಮ. ಆ ಕೆಲಸದ ನಡುವೆ ಕರೆಂಟು ಹೋದರೆ ಮದರ್‌ಬೋರ್ಡು ನಿಜವಾಗಿಯೇ ನಿಶ್ಚೇಷ್ಟವಾದೀತು, ಯು.ಪಿ.ಎಸ್. ಇಲ್ಲದೆ ತೊಡಗಬೇಡಿ.

ಏನು ಮಾಡಿದರೂ ಫಲವಿಲ್ಲವೆ? ಹೊಸದೆಲ್ಲವನ್ನೂ ತೆಗೆದು ಹಳೆಯ ಸ್ಥಿತಿಗೆ ಬನ್ನಿ. ಹಾಗೂ ಏಳದಿದ್ದರೆ, ತಂತಿ ಕಿತ್ತು, ಸಿ.ಆರ್. 2032 ಎಂಬ ಬಿಲ್ಲೆಯಂಥ 3 ವೋಲ್ಟಿನ ಬ್ಯಾಟರಿಯನ್ನು ಐದು ನಿಮಿಷ ಹೊರಗಿಟ್ಟು ಮತ್ತೆ ಹಾಕಿ. ಹಳೆಯ ಏರ್ಪಾಡುಗಳನ್ನು ಮರೆತು ಯಂತ್ರ ಹೊಸದಾಗಿ ಎಣಿಸತೊಡಗುವುದುಂಟು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಏನು ಮಾಡಿದಿರಿ, ಏನು ಕಂಡಿರಿ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಕೊನೆಗೆ ರಿಪೇರಿ ಅಂಗಡಿಗೇ ಹೋಗಬೇಕಾಗಿ ಬಂದರೂ ಆ ನೋಟ್‌ಬುಕ್ಕು, ಹೊಸ ಭಾಗದ ರಸೀತಿ, ಎರಡೂ ನಿಮ್ಮ ಕೈಯಲ್ಲಿರಲಿ. ಒಳ್ಳೆಯ ಕೆಲಸಗಾರ ಅದನ್ನು ಓದಿ ಅರ್ಧ ದುಡಿಮೆ ಉಳಿಯಿತೆಂದು ಸಂತೋಷಪಡುತ್ತಾನೆ. ಅಲ್ಲದವನು ನಿಮ್ಮೆದುರು ಮಾತು ಅಳೆದು ಆಡುತ್ತಾನೆ.