ನೋವನ್ನು ಹೇಳಲಾರದ ನಾಯಿಗೆ ಸೂಜಿಯ ಚಿಕಿತ್ಸೆ

(ವಾಚನಾಲಯದ ರವಿವಾರದ ಕೂಟದಲ್ಲಿ ನಮ್ಮ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಪುಸ್ತಕ ಕೊಡುವ ಮೇಜಿನ ಹಿಂದೆ ಕೂಡುವವನನ್ನು ಇಂದು ನೀವು ಮೇಜಿನ ಮುಂದೆ ತಂದು ನಿಲ್ಲಿಸಿದ್ದೀರಿ. ನಾನು ವೈದ್ಯನಲ್ಲ, ಮ್ಯಾಟ್ರಿಕ್ ಮುಗಿಸಿ ಗಿರಣಿಯಲ್ಲಿ ಹಾಜರಿ ಪುಸ್ತಕ ಬರೆಯುವ ಕಾರಕೂನ. ಆದರೂ ಮಾತಾಡಲು ಒಪ್ಪಿಕೊಂಡೆ. ನಾನು ಮಾಡಿದ ಒಂದು ತಪ್ಪನ್ನು ನಿಮ್ಮಲ್ಲಿ ಯಾರೂ ಮಾಡಬಾರದು ಎಂಬುದೇ ಅದಕ್ಕೆ ಕಾರಣ.

ನಮ್ಮ ಗಿರಣಿಯ ಬಾಗಿಲಲ್ಲಿ ಮೋತ್ಯಾ ಎಂಬ ನಾಯಿ ಇದೆ. ಯಾರದೂ ಅಲ್ಲ, ಎಲ್ಲರದೂ ಹೌದು. ಎಲ್ಲ ಪಾಳಿಯವರೂ ಚಹದ ಹೊತ್ತಿಗೆ ಬಿಸ್ಕತ್ತು ಹಾಕಿ ಬೆಳೆಸಿದ ನಾಯಿ. ಹತ್ತು ವರ್ಷ ದಾಟಿದ ಮೇಲೆ ಅದು ಬೆಳಿಗ್ಗೆ ಏಳುವಾಗ ಮುಂಗಾಲೂರಿ ಹಿಂಗಾಲುಗಳನ್ನು ಎಳೆಯತೊಡಗಿತು. ಕಚೇರಿಯ ಮೂರು ಮೆಟ್ಟಿಲು ಹತ್ತುವುದನ್ನು ಬಿಟ್ಟಿತು. ಸೊಂಟ ಮುಟ್ಟಿದರೆ ಗುರ್ ಎನ್ನುತ್ತಿತ್ತು. “ಮುದಿ ಆತು, ಬಿಡ್ರಿ” ಎಂದರು ಎಲ್ಲರೂ. ಪಹರೆಯ ಮಾಮಾ ಮಾತ್ರ, “ಸಾಹೇಬ್ರ, ಏನಾರ ಕೊಡ್ರಿ, ರಾತ್ರಿಯೆಲ್ಲಾ ನರಳತೈತಿ” ಎಂದರು. ನನ್ನ ಬೆನ್ನುನೋವಿಗೆಂದು ಚೀಲದಲ್ಲಿದ್ದ ಐಬುಪ್ರೊಫೆನ್ ಗುಳಿಗೆಯನ್ನು ರೊಟ್ಟಿಯ ತುಣುಕಿನಲ್ಲಿಟ್ಟು ಕೊಟ್ಟೆ. ಎರಡು ದಿನ ಕೊಟ್ಟೆ. ಮೂರನೆಯ ದಿನ ಮೋತ್ಯಾ ರಕ್ತ ಕಾರಿತು.

ದವಾಖಾನೆಗೆ ಹೊತ್ತೊಯ್ದಾಗ ಪಶುವೈದ್ಯರು ನನ್ನನ್ನು ಬೈಯಲಿಲ್ಲ. ಕೂಡಿಸಿಕೊಂಡು ತಿಳಿಸಿ ಹೇಳಿದರು. ನಮಗೆ ಒಗ್ಗುವ ನೋವಿನ ಗುಳಿಗೆ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡವನ್ನು ಕೆಡಿಸುತ್ತದೆ. ಪ್ಯಾರಾಸಿಟಮಾಲ್ ಹೆಚ್ಚಾದರೆ ಯಕೃತ್ತಿಗೆ ಅಪಾಯ. ಬೆಕ್ಕಿಗಂತೂ ಒಂದೇ ಗುಳಿಗೆ ಮೃತ್ಯುವಾಗಬಹುದು. ನಾಯಿಗೆಂದೇ ಬೇರೆ ಗುಳಿಗೆಗಳಿವೆ. ಅವನ್ನೂ ತೂಕ ನೋಡಿ, ವೈದ್ಯರೇ ಕೊಡಬೇಕು.

ದೈವವಶಾತ್ ಮೋತ್ಯಾ ಉಳಿಯಿತು. ಎಕ್ಸ್-ರೇ ತೆಗೆದಾಗ ಎರಡೂ ಕಡೆಯ ಸೊಂಟದ ಕೀಲು ಸವೆದದ್ದು ಕಂಡಿತು. ಕೀಲಿನ ಎಲುಬುಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಯಂತ್ರದ ಬೇರಿಂಗ್ ಸವೆದ ಹಾಗೆ ಅದು ಸವೆದರೆ ಕೀಲು ಬಾತುಕೊಂಡು ನೋಯುತ್ತದೆ. ನೋವಿಗಂಜಿ ನಾಯಿ ಕಾಲು ಊರುವುದಿಲ್ಲ. ಊರದ ಕಾಲಿನ ಮಾಂಸಖಂಡ ಸೊರಗುತ್ತದೆ. ಸೊರಗಿದ ಕಾಲು ಇನ್ನಷ್ಟು ನೋಯುತ್ತದೆ. ನಾವು ‘ಮುಪ್ಪು’ ಎಂದು ಕೈಬಿಟ್ಟದ್ದು ಚಿಕಿತ್ಸೆಯುಳ್ಳ ಒಂದು ರೋಗ.

ಆದರೆ ಹೊಟ್ಟೆಯ ಹುಣ್ಣು ಮಾಯುವ ತನಕ ನೋವಿನ ಗುಳಿಗೆ ಕೊಡುವಂತಿರಲಿಲ್ಲ. ಆಗ ವೈದ್ಯರು, “ಅಕ್ಯುಪಂಕ್ಚರ್ ಮಾಡಿ ನೋಡೋಣ” ಎಂದರು. ಗಿರಣಿಯಲ್ಲಿ ಇದನ್ನು ಹೇಳಿದಾಗ, “ನಾಯಿಗೆ ಕಸೂತಿ ಹಾಕಸ್ತೀರೇನು?” ಎಂದು ನಕ್ಕರು. ವಂತಿಗೆಯ ಹಣದ ಪ್ರಶ್ನೆಯಾದ್ದರಿಂದ, ಇದು ನಿಜವೋ ಬೂಟಾಟಿಕೆಯೋ ಎಂದು ತಿಳಿಯಲು ಓದತೊಡಗಿದೆ.

ಹೆಸರು ಲ್ಯಾಟಿನ್ ಮೂಲದ್ದು. ‘ಅಕುಸ್’ ಎಂದರೆ ಸೂಜಿ. ವಿದ್ಯೆ ಚೀನದೇಶದ್ದು. ಅಲ್ಲಿ ದಂಡಿನ ಕುದುರೆಗಳಿಗೂ ಈ ಚಿಕಿತ್ಸೆ ನಡೆಯುತ್ತಿತ್ತು. 1608ರಲ್ಲಿ ಪ್ರಕಟವಾದ ಕುದುರೆ ವೈದ್ಯದ ಹೆಸರಾಂತ ಗ್ರಂಥದಲ್ಲಿ ಇದರ ವಿವರವಿದೆ. ನಾಯಿಯ ಮೈಮೇಲೆ ಗುರುತಿಸುವ ಬಿಂದುಗಳಲ್ಲಿ ಬಹಳಷ್ಟು ಹಾಗೆ ಪ್ರಾಚೀನವಲ್ಲ. ಮನುಷ್ಯನ ಬಿಂದುಗಳನ್ನು ನೋಡಿ ಕಳೆದ ಶತಮಾನದಲ್ಲಿ ಹೊಂದಿಸಿಕೊಂಡವು.

ನಮ್ಮ ದೇಶಕ್ಕೆ ಇದು ಬಂದ ಬಗೆ ಕೇಳಿದರೆ ನಿಮಗೆ ಸಂತೋಷವಾದೀತು. ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನೀಸರ ಹೆಸರನ್ನು ಬಲ್ಲಿರಿ, ವಿ. ಶಾಂತಾರಾಮರು 1946ರಲ್ಲಿ ಅವರ ಕಥೆಯನ್ನು ಚಿತ್ರ ಮಾಡಿದರು. 1938ರಲ್ಲಿ ಚೀನಕ್ಕೆ ಹೋದ ಐವರು ಭಾರತೀಯ ವೈದ್ಯರಲ್ಲಿ ಅವರೊಬ್ಬರು. 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಅದೇ ತಂಡದ ಡಾ. ಬಿಜಯ ಕುಮಾರ ಬಸು ಅವರು ಮುಂದೆ ಮತ್ತೆ ಚೀನಕ್ಕೆ ಹೋಗಿ ಸೂಜಿ ಚಿಕಿತ್ಸೆಯನ್ನು ಕಲಿತು, 1959ರಲ್ಲಿ ಕಲ್ಕತ್ತೆಗೆ ತಂದರು. ಪ್ರಾಣಿಗಳ ಮಟ್ಟಿಗೆ, ಅಮೇರಿಕದಲ್ಲಿ 1974ರಲ್ಲಿ ಪಶುವೈದ್ಯರ ಅಂತರರಾಷ್ಟ್ರೀಯ ಅಕ್ಯುಪಂಕ್ಚರ್ ಸಂಘ ಸ್ಥಾಪನೆಯಾಗಿ ಶಿಕ್ಷಣ ಕೊಡತೊಡಗಿತು.

ಸೂಜಿ ಚುಚ್ಚಿದರೆ ನೋವು ಹೇಗೆ ತಗ್ಗುತ್ತದೆ? ಚೀನದ ಹಳಬರು ದೇಹದಲ್ಲಿ ಹರಿಯುವ ‘ಚಿ’ ಎಂಬ ಶಕ್ತಿಯ ಮಾತು ಹೇಳುತ್ತಾರೆ. ಪ್ರಯೋಗಶಾಲೆಯವರು ಹೇಳುವುದು ಬೇರೆ. ಸೂಜಿ ನರಗಳನ್ನು ಕೆಣಕುತ್ತದೆ; ಆ ಸುದ್ದಿ ಬೆನ್ನುಹುರಿಗೂ ಮಿದುಳಿಗೂ ಮುಟ್ಟಿದಾಗ, ಅಫೀಮನ್ನು ಹೋಲುವ ಎಂಡಾರ್ಫಿನ್ ಎಂಬ ನೋವುಶಾಮಕಗಳನ್ನು ದೇಹ ತಾನೇ ಬಿಡುತ್ತದೆ. 1976ರಲ್ಲಿ ಕೆನಡಾದ ಬ್ರೂಸ್ ಪೊಮೆರಾಂಜ್ ಮತ್ತು ಸಂಗಡಿಗರು ಇಲಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಅಫೀಮಿನ ಗುಣವನ್ನು ತಡೆಯುವ ನಲೊಕ್ಸೋನ್ ಔಷಧಿ ಕೊಟ್ಟೊಡನೆ, ಸೂಜಿಯಿಂದ ಬಂದ ಉಪಶಮನವೂ ಹೋಯಿತು. ಅಂದಮೇಲೆ ಸೂಜಿಯಿಂದ ದೇಹದೊಳಗೆ ಏನೋ ನಡೆಯುತ್ತದೆ ಎಂಬುದು ಸ್ಪಷ್ಟ.

ಇನ್ನು ನಾನು ಕಣ್ಣಾರೆ ಕಂಡದ್ದು. ಇಂಜೆಕ್ಷನ್ನಿನ ಸೂಜಿಯ ಹಾಗೆ ಇದು ಪೊಳ್ಳಲ್ಲ. ಕಾಲು ಮಿಲಿಮೀಟರಿನಷ್ಟು ದಪ್ಪದ ಗಟ್ಟಿ ತಂತಿ. ಬೆನ್ನೆಲುಬು ಸೊಂಟಕ್ಕೆ ಕೂಡುವಲ್ಲಿ ಒಂದು, ಕೀಲಿನ ಸುತ್ತ ನಾಲ್ಕಾರು, ಮೊಳಕಾಲಿನ ಕೆಳಗೆ ಹೊರಮಗ್ಗುಲಲ್ಲಿ ಒಂದೊಂದು. ಇಪ್ಪತ್ತು ನಿಮಿಷ ಹಾಗೇ ಬಿಟ್ಟರು. ಮೋತ್ಯಾ ಮೊದಲು ತಿರುಗಿ ನೋಡಿತು. ಆಮೇಲೆ ಪಹರೆಯ ಮಾಮಾ ಅವರ ತೊಡೆಯ ಮೇಲೆ ತಲೆಯಿಟ್ಟು ತೂಕಡಿಸಿತು. ವಾರಕ್ಕೊಂದರಂತೆ ಆರು ಸಲ. ಕೆಲವು ರೋಗಗಳಲ್ಲಿ ಸೂಜಿಗಳಿಗೆ ತಂತಿ ಜೋಡಿಸಿ ಅಲ್ಪ ವಿದ್ಯುತ್ತನ್ನೂ ಹಾಯಿಸುತ್ತಾರೆ. ಗಾಯವಾದ ಚರ್ಮದ ಮೇಲೆ, ಗಡ್ಡೆಯ ಮೇಲೆ ಸೂಜಿ ಹಾಕಬಾರದು. ರಕ್ತ ಹೆಪ್ಪುಗಟ್ಟದ ರೋಗವಿದ್ದರೆ, ಗಬ್ಬವಿದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು. ಇದನ್ನು ಮಾಡಬೇಕಾದವರು ಕಲಿತ ಪಶುವೈದ್ಯರೇ ಹೊರತು ಬೇರೆ ಯಾರೂ ಅಲ್ಲ.

ಗುಣದ ಮಾತಿಗೆ ಬರೋಣ. ಇಲ್ಲಿ ಎರಡೂ ಕಡೆಯ ಸಾಕ್ಷಿಯನ್ನು ನಿಮ್ಮ ಮುಂದಿಡುವುದು ನನ್ನ ಕರ್ತವ್ಯ. ಬ್ರೆಜಿಲ್ ದೇಶದ ಪಶುವೈದ್ಯರು 2010ರಲ್ಲಿ ಪ್ರಕಟಿಸಿದ ಒಂದು ವರದಿ, ಬೆನ್ನಿನ ಬಿಲ್ಲೆ ಜಾರಿ ಹಿಂಗಾಲಿನ ಶಕ್ತಿ ಕಳೆದುಕೊಂಡ 40 ನಾಯಿಗಳದ್ದು. ವಿದ್ಯುತ್ ಸೂಜಿ ಪಡೆದ 19ರಲ್ಲಿ 15, ಶಸ್ತ್ರಕ್ರಿಯೆ ಮಾತ್ರ ಆದ 10ರಲ್ಲಿ 4, ಎರಡೂ ಆದ 11ರಲ್ಲಿ 8 ಸುಧಾರಿಸಿದವು. ಆದರೆ ನಾಯಿಗಳು ಕಡಿಮೆ. ಯಾವುದಕ್ಕೆ ಯಾವ ಚಿಕಿತ್ಸೆ ಎಂದು ಚೀಟಿ ಎತ್ತಿ ಹಂಚಿದ್ದೂ ಅಲ್ಲ. ಇನ್ನೊಂದೆಡೆ, ಮುಂಗಾಲಿನ ಮೊಣಕೈ ಕೀಲು ಸವೆದ 9 ನಾಯಿಗಳಿಗೆ ವಿದ್ಯುತ್ ಸೂಜಿ ಹಾಕಿ, ಕಾಲಿನ ಭಾರವನ್ನು ಯಂತ್ರದಿಂದ ಅಳೆದಾಗ ವ್ಯತ್ಯಾಸವೇ ಕಾಣಲಿಲ್ಲ; ಆ ವರದಿ 2006ರದು. ಅದೇ ವರ್ಷ ಅಂದಿನ ತನಕದ ಪ್ರಯೋಗಗಳನ್ನೆಲ್ಲ ಕೂಡಿಸಿ ತೂಗಿದ ತಜ್ಞರು, ಒಪ್ಪಲೂ ತಳ್ಳಿಹಾಕಲೂ ಸಾಕಷ್ಟು ಆಧಾರವಿಲ್ಲ ಎಂದರು.

ಮತ್ತೊಂದು ಎಚ್ಚರಿಕೆ. ನಾಯಿ ಮಾತಾಡುವುದಿಲ್ಲ, ಅದರ ಪರವಾಗಿ ನಾವು ಮಾತಾಡುತ್ತೇವೆ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕುಂಟುವ 58 ನಾಯಿಗಳಿಗೆ ಔಷಧಿಯಿಲ್ಲದ ಬರಿಯ ಹುಸಿಗುಳಿಗೆ ಕೊಟ್ಟಿದ್ದರು. ಯಂತ್ರದ ಅಳತೆಯಲ್ಲಿ ಸುಧಾರಣೆ ಇಲ್ಲದಿದ್ದರೂ ಅರ್ಧಕ್ಕಿಂತ ಹೆಚ್ಚು ಸಲ ಯಜಮಾನರು “ಸುಧಾರಿಸಿದೆ” ಎಂದೇ ಹೇಳಿದರು. ಪ್ರೀತಿಯ ಕಣ್ಣು ತಪ್ಪು ಲೆಕ್ಕ ಬರೆಯುತ್ತದೆ.

ಇದನ್ನೋದಿದ ಮೇಲೆ ನಾನು ಮೋತ್ಯಾನಿಗೂ ಒಂದು ಹಾಜರಿ ಪುಸ್ತಕ ಇಟ್ಟೆ. ಬೆಳಿಗ್ಗೆ ಎಷ್ಟನೆಯ ಪ್ರಯತ್ನಕ್ಕೆ ಎದ್ದಿತು, ಮೆಟ್ಟಿಲು ಹತ್ತಿತೋ ಇಲ್ಲವೋ, ಇಷ್ಟೇ. ಮೊದಲ ವಾರ ಮೆಟ್ಟಿಲಿನ ಅಂಕಣ ಪೂರ್ತಿ ಖಾಲಿ. ಆರನೆಯ ವಾರ ಆರು ದಿನಗಳಲ್ಲಿ ನಾಲ್ಕು ದಿನ ಹತ್ತಿದೆ. ಆದರೆ ಅದೇ ಹೊತ್ತಿಗೆ ವೈದ್ಯರ ಮಾತಿನಂತೆ ಬಿಸ್ಕತ್ತನ್ನೂ ನಿಲ್ಲಿಸಿದ್ದೆವು, ನುಣುಪು ಫರಶಿಯ ಮೇಲೆ ಗೋಣಿತಟ್ಟನ್ನೂ ಹಾಸಿದ್ದೆವು. ಆದ್ದರಿಂದ ಯಾವುದರ ಗುಣ ಎಷ್ಟು ಎಂದು ಬಿಡಿಸಿ ಹೇಳಿದರೆ ಅದು ಸುಳ್ಳು ಲೆಕ್ಕವಾದೀತು.

ಬಿಸ್ಕತ್ತಿನ ಮಾತು ನಗೆಯದಲ್ಲ. ಅಮೇರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಜೋಡಿ ಜೋಡಿಯಾಗಿ ಸಾಕಿ, ಜೋಡಿಯ ಒಂದಕ್ಕೆ ಇನ್ನೊಂದಕ್ಕಿಂತ ಕಾಲುಭಾಗ ಕಡಿಮೆ ಆಹಾರ ಕೊಟ್ಟರು. 2002ರಲ್ಲಿ ಫಲಿತಾಂಶ ಬಂದಿತು. ಕಡಿಮೆ ತಿಂದ ಗುಂಪಿನ ಮಧ್ಯಮ ಆಯುಷ್ಯ 13 ವರ್ಷ, ಹೆಚ್ಚು ತಿಂದದ್ದರದು 11.2, ಕೀಲುನೋವಿಗೆ ಔಷಧಿ ಬೇಕಾದದ್ದೂ ಸುಮಾರು ಮೂರು ವರ್ಷ ತಡವಾಗಿ. ಇದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ.

ನಮ್ಮಂಥ ಪಗಾರದವರು ಹಣ ಹಾಕಬೇಕಾದ ಕ್ರಮ ನನಗೆ ತೋರಿದಂತೆ ಹೀಗಿದೆ. ಮೊದಲು ವೈದ್ಯರ ಪರೀಕ್ಷೆ. ನೋವು ಎಲ್ಲಿಯದು ಎಂದು ತಿಳಿಯದೆ ಸೂಜಿಯೂ ಬೇಡ, ಗುಳಿಗೆಯೂ ಬೇಡ. ಎರಡನೆಯದು ತೂಕ ಇಳಿಸುವುದು, ಉಗುರು ಕತ್ತರಿಸುವುದು, ಜಾರದ ಹಾಸು, ಮೆಟ್ಟಿಲಿಗೊಂದು ಇಳಿಜಾರು ಹಲಗೆ, ದಿನಕ್ಕೆರಡು ಸಲ ನಿಧಾನದ ನಡಿಗೆ. ಮೂರನೆಯದು ನಾಯಿಗೆಂದೇ ಇರುವ ಔಷಧಿ. ಇವುಗಳ ಜೊತೆಗೆ, ಅಥವಾ ಔಷಧಿ ಒಗ್ಗದಿದ್ದಾಗ, ಸೂಜಿ. ಆರು ಸಲವಾದರೂ ಪುಸ್ತಕದಲ್ಲಿ ಏನೂ ಕಾಣದಿದ್ದರೆ ನಿಲ್ಲಿಸಿರಿ. ಆದರೆ ನಾಯಿಯ ಹಿಂಗಾಲು ಒಮ್ಮೆಲೆ ಬಿದ್ದುಹೋದರೆ, ಮೂತ್ರ ಕಟ್ಟಿದರೆ, ಅದೇ ದಿನ ಆಸ್ಪತ್ರೆಗೆ ಒಯ್ಯಿರಿ. ಆಗ ಗಂಟೆಗಂಟೆಗೂ ಬೆಲೆಯಿದೆ.

ಮುಂಬಯಿಯವರಿಗೆ ಒಂದು ಮಾತು ನೆನಪಿಸುತ್ತೇನೆ. ಪರೇಲಿನ ಬಾಯಿ ಸಾಕರಬಾಯಿ ಪ್ರಾಣಿ ಆಸ್ಪತ್ರೆ 1880ರ ದಶಕದಲ್ಲಿ ಗಿರಣಿ ಮಾಲೀಕರಾದ ಸರ್ ದಿನ್‌ಶಾ ಮಾಣೆಕ್‌ಜಿ ಪೆಟಿಟ್ ಅವರ ದಾನದಿಂದ, ಅವರ ಪತ್ನಿಯ ಹೆಸರಿನಲ್ಲಿ ಎದ್ದದ್ದು. 1886ರಲ್ಲಿ ಅಲ್ಲಿಯೇ ಪಶುವೈದ್ಯ ಕಾಲೇಜೂ ಆರಂಭವಾಯಿತು. ಗಿರಣಿಯ ಹಣ ಮೂಕಪ್ರಾಣಿಗೆ ಸಂದದ್ದು ನಮ್ಮ ವಂತಿಗೆಯಿಂದ ಮೊದಲಾದದ್ದೇನೂ ಅಲ್ಲ.

ನಾವೆಲ್ಲ ಊರು ಬಿಟ್ಟು ಬಂದವರು. ಮೈ ನೊಂದರೆ ಯಾರಿಗೆ ಹೇಳುವುದು ಎಂಬ ಸಂಕಟ ನಮಗೆ ಗೊತ್ತು. ನಾಯಿಯ ಸ್ಥಿತಿ ಅದಕ್ಕಿಂತಲೂ ಕಷ್ಟದ್ದು. ಅದು ಏಳಲು ತಡಮಾಡಿದರೆ ‘ಮುದಿಯಾಯಿತು’ ಎನ್ನುವ ಮೊದಲು ಒಮ್ಮೆ ವೈದ್ಯರಿಗೆ ತೋರಿಸಿರಿ. ನಿಮ್ಮ ಚೀಲದ ಗುಳಿಗೆ ನಿಮ್ಮ ಚೀಲದಲ್ಲೇ ಇರಲಿ.