ಯಂತ್ರ ಬಾಡಿಗೆಯದು, ಕೈ ನಮ್ಮದು
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಾಲ, ಗೊಬ್ಬರ, ಲೆಕ್ಕಪತ್ರದ ವಿಚಾರವನ್ನು ಕಾರ್ಯದರ್ಶಿಗಳು ಹೇಳಿದ್ದಾರೆ. ನಾವು ಬೇರೆ ಒಂದು ವಿಷಯ ಹೇಳುತ್ತೇವೆ. ರಾಗಿ ಕುಯ್ಲು ಮುಗಿದ ಮೇಲೆ ನಮ್ಮ ಸದಸ್ಯರ ಮಕ್ಕಳು ಎಷ್ಟೋ ಜನ ಬೆಳಗಿನ ಬಸ್ಸಿಗೆ ಬೆಂಗಳೂರಿಗೆ ಹೋಗಿ ಕಟ್ಟಡದ ಕೆಲಸ ಮಾಡುತ್ತಾರೆ. ಮಳೆ ಕೈಕೊಟ್ಟ ವರ್ಷ ನಾವೂ ಹೋಗಿದ್ದೆವು.

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ ಇವೆಲ್ಲ ನೂರು ವರ್ಷ ದಾಟಿದ ಬಡಾವಣೆಗಳು. ನಮ್ಮ ಅಪೆಕ್ಸ್ ಬ್ಯಾಂಕಿನ ಕೇಂದ್ರ ಕಚೇರಿ ಇರುವುದೂ ಚಾಮರಾಜಪೇಟೆಯಲ್ಲೇ. ಅಲ್ಲಿ ಹಳೇ ಮನೆ ಕೆಡವಿ ಎರಡು ಮೂರು ಅಂತಸ್ತು ಕಟ್ಟುತ್ತಾರೆ. ಅಡ್ಡರಸ್ತೆ ಕಿರಿದು, ಪಕ್ಕದ ಮನೆ ಗೋಡೆ ಅಂಟಿಕೊಂಡೇ ಇರುತ್ತೆ, ತಲೆ ಮೇಲೆ ಕರೆಂಟಿನ ತಂತಿ.

ಚಾಮರಾಜಪೇಟೆಯಲ್ಲಿ ಒಂದು ಮನೆಗೆ ಮೋಲ್ಡ್ ಹಾಕುವ ದಿನ. ಬಾಡಿಗೆ ಮಿಕ್ಸರ್ ಬಂತು. ಬೆಲ್ಟಿಗೆ ಕವರ್ ಇರಲಿಲ್ಲ. ಕೇಳಿದರೆ, ಜೊತೆಗೆ ಬಂದವನು "ಏನೂ ಆಗಲ್ಲ ಬಿಡಿ ಅಣ್ಣ, ದಿನಾ ಹಿಂಗೇ ಓಡುತ್ತೆ" ಅಂದ. ಬಾಡಿಗೆ ಏರುತ್ತಿದೆ, ಮೋಡ ಕವಿದಿದೆ, ನಾವೂ ಸುಮ್ಮನಾದೆವು. ಮಧ್ಯಾಹ್ನ ನಮ್ಮೂರ ಹುಡುಗನ ಹೆಗಲ ಟವೆಲ್ಲು ಬೆಲ್ಟಿಗೆ ಸಿಕ್ಕಿತು. ಎಳೆದುಕೊಳ್ಳಲು ಹೋದ, ಬಲಗೈಯ ಎರಡು ಬೆರಳು ಹೋದವು. ಅವನು ಇವತ್ತು ಈ ಸಭೆಯಲ್ಲೇ ಕೂತಿದ್ದಾನೆ. ಅವನನ್ನು ಕೇಳಿಯೇ ಈ ಮಾತು ಹೇಳುತ್ತಿದ್ದೇವೆ. ತಪ್ಪು ಯಂತ್ರ ತಂದವನದು ಮಾತ್ರವಲ್ಲ, ನೋಡಿಯೂ ಸುಮ್ಮನಿದ್ದ ನಮ್ಮದೂ ಹೌದು.

ಆದ್ದರಿಂದ ಯಂತ್ರ ಇಳಿಸುವ ಮೊದಲೇ ನೋಡಿ. ಬೆಲ್ಟಿಗೆ, ಹಲ್ಲಿನ ಚಕ್ರಕ್ಕೆ ಕವರ್ ಇದೆಯೇ? ಬ್ರೇಕ್ ಹಿಡಿಯುತ್ತದೆಯೇ? ಲಿಫ್ಟಿನ ಕಬ್ಬಿಣದ ಹಗ್ಗದಲ್ಲಿ ಎಳೆ ಕಿತ್ತಿದೆಯೇ? ಸರಿಯಿಲ್ಲದಿದ್ದರೆ ಮುಲಾಜಿಲ್ಲದೆ ವಾಪಸ್ ಕಳಿಸಿ. ಮಿಕ್ಸರನ್ನು ಗಟ್ಟಿ ಸಮನೆಲದಲ್ಲಿ ನಿಲ್ಲಿಸಿ, ಚಕ್ರಕ್ಕೆ ಅಡೆ ಕೊಡಿ. ಡ್ರಮ್ ತಿರುಗುವಾಗ ಕೈಯಾಗಲಿ ಸನಿಕೆಯಾಗಲಿ ಒಳಗೆ ಹಾಕಬೇಡಿ. ತೊಳೆಯುವುದಿದ್ದರೆ ಎಂಜಿನ್ ನಿಲ್ಲಿಸಿಯೇ ತೊಳೆಯಿರಿ. ಜಲ್ಲಿ ಎತ್ತುವ ಬುಟ್ಟಿ ಮೇಲೆ ಹೋಗಿದ್ದಾಗ ಅದರ ಕೆಳಗೆ ಬಗ್ಗಬೇಡಿ, ಹಗ್ಗ ಕಿತ್ತರೆ ನೇರ ಬೆನ್ನ ಮೇಲೆ. ಸಾಮಾನಿನ ಲಿಫ್ಟಿನಲ್ಲಿ ಮನುಷ್ಯರು ಹತ್ತಬಾರದು. ಕರೆಂಟಿನ ವೈಬ್ರೇಟರಿಗೆ ಅರ್ಥಿಂಗ್ ಇರಬೇಕು. ತೇಪೆ ಹಾಕಿದ ವೈರನ್ನು ಹಸಿ ಕಾಂಕ್ರೀಟಿನ ಮೇಲೆ ಎಳೆದರೆ ಪ್ರಾಣಕ್ಕೇ ಅಪಾಯ. ಉದ್ದನೆ ಕಂಬಿ ಎತ್ತುವ ಮುಂಚೆ ಮೇಲಿನ ತಂತಿ ನೋಡಿಕೊಳ್ಳಿ. ಟವೆಲ್ಲು, ಸಡಿಲ ತೋಳು, ಜೋಲುವ ಸೆರಗು ಯಂತ್ರದ ಹತ್ತಿರ ಬೇಡ.

ಇನ್ನೊಂದು ಮಾತು. ಕಟ್ಟಡ ಕಾರ್ಮಿಕರಿಗೆಂದೇ 1996ರಲ್ಲಿ ಕೇಂದ್ರ ಕಾನೂನು ಬಂತು. ನಮ್ಮ ರಾಜ್ಯದಲ್ಲಿ ಕಲ್ಯಾಣ ಮಂಡಳಿಯೂ ಇದೆ. ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರು ಹೆಸರು ನೋಂದಾಯಿಸಿ ಕಾರ್ಡ್ ಮಾಡಿಸಿಕೊಳ್ಳಬಹುದು. ನಮ್ಮ ಹುಡುಗನ ಹತ್ತಿರ ಅದಿರಲಿಲ್ಲ. ಆಸ್ಪತ್ರೆ ಖರ್ಚಿಗೆ ಅವರ ತಂದೆ ಒಂದು ಹಸು ಮಾರಿದರು.

ನಮ್ಮ ಸಂಘದಿಂದಲೂ ಪವರ್ ಸ್ಪ್ರೇಯರ್, ಒಕ್ಕಣೆ ಯಂತ್ರ ಬಾಡಿಗೆಗೆ ಕೊಡುತ್ತೇವೆ. ಕವರ್ ಇಲ್ಲದ ಯಂತ್ರ ಗೋಡೌನ್ ಬಾಗಿಲು ದಾಟಬಾರದು ಎಂದು ಆಡಳಿತ ಮಂಡಳಿ ಮುಂದೆ ಕೇಳಿದ್ದೇವೆ. ಮಹಾಜನರು ಒಪ್ಪಿಗೆ ಕೊಡಬೇಕು. ಒಂದು ದಿನದ ಬಾಡಿಗೆ ಹೋದರೆ ನಾಳೆ ದುಡಿಯಬಹುದು, ಹೋದ ಬೆರಳು ಬರುವುದಿಲ್ಲ.